ಆಫೀಸ್ ಮೇಲ್ ಮನೆಗೆ ಹೊರಟಾಗ

ನನ್ನ ಹತ್ತಿರ ಪದೇ ಪದೇ ಬರುವ ಕೋರಿಕೆ ಒಂದಿದೆ. "ಆಫೀಸ್ ಮೇಲ್ ಎಲ್ಲಾ ನನ್ನ ಸ್ವಂತ ಮೇಲ್‌ಗೆ ತಾನಾಗಿಯೇ ಬರೋ ಹಾಗೆ ಮಾಡಿಕೊಡಿ. ಎರಡು ನಿಮಿಷದ ಕೆಲಸ ಅಲ್ವಾ?" ಹೌದು, ಎರಡೇ ನಿಮಿಷ. ಒಂದು ಬಾಕ್ಸ್ ಟಿಕ್ ಮಾಡಿ, ಒಂದು ವಿಳಾಸ ಬರೆದು, ಸೇವ್ ಒತ್ತಿದರೆ ಮುಗಿಯಿತು. ಆದರೆ ಕೆಲವು ತಿಂಗಳಾದ ಮೇಲೆ ಅದೇ ವ್ಯಕ್ತಿ ಬಂದು "ಆ ಮೇಲ್ ನನಗೆ ಬರಲೇ ಇಲ್ಲ" ಅನ್ನುತ್ತಾರಲ್ಲ, ಆ ಗಂಟು ಬಿಡಿಸಲು ಎರಡು ದಿನ ಬೇಕಾಗುತ್ತದೆ. ನಾನು ಇವತ್ತು ಆ ಎರಡು ದಿನದ ಬಗ್ಗೆ ಮಾತಾಡಲು ಬಂದಿದ್ದೇನೆ. ಎರಡು ನಿಮಿಷದ ಭಾಗವನ್ನೂ ಹೇಳುತ್ತೇನೆ, ಗಾಬರಿ ಬೇಡ.

ಇಲ್ಲಿ ಅರ್ಧ ಜನ ಮೇಲ್ ಬಳಸುವವರು, ಇನ್ನರ್ಧ ಸರ್ವರ್ ನೋಡಿಕೊಳ್ಳುವವರು ಎಂದು ಕೇಳಿದೆ. ಹಾಗಾಗಿ ನಡುನಡುವೆ ಒಬ್ಬರಿಗೆ ಬೇಜಾರಾಗಬಹುದು. ಐದು ನಿಮಿಷ ತಡೆದುಕೊಳ್ಳಿ, ನಿಮ್ಮ ಸರದಿ ಬರುತ್ತದೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಮೇಲ್‌ನಲ್ಲಿ ಒಳಗಿನ ಕಾಗದ ಬೇರೆ, ಹೊರಗಿನ ಲಕೋಟೆ ಬೇರೆ. ಪರದೆಯ ಮೇಲೆ ನಿಮಗೆ ಕಾಣುವ ಫ್ರಮ್, ಟು ಸಾಲುಗಳು ಕಾಗದದ ಮೇಲೆ ಬರೆದವು. ಸರ್ವರ್ ಅವನ್ನು ನೋಡಿ ಪತ್ರ ತಲುಪಿಸುವುದಿಲ್ಲ. ಒಂದು ಸರ್ವರ್ ಇನ್ನೊಂದರ ಬಾಗಿಲು ತಟ್ಟಿ "ಇಂಥವರಿಂದ ಬಂದಿದೆ, ಇಂಥವರಿಗೆ ಕೊಡಬೇಕು" ಎಂದು ಬೇರೆಯಾಗಿ ಹೇಳುತ್ತದೆ. ಅದು ಲಕೋಟೆ. ಪತ್ರ ಕೈಗೆ ಬರುವ ಹೊತ್ತಿಗೆ ಲಕೋಟೆ ಹರಿದು ಹೋಗಿರುತ್ತದೆ, ನೀವು ನೋಡುವುದೇ ಇಲ್ಲ. ನಂಬಿಕೆ ಬರದಿದ್ದರೆ ಬಿಸಿಸಿ ನೆನಪಿಸಿಕೊಳ್ಳಿ. ಬಿಸಿಸಿಯಲ್ಲಿ ಇದ್ದವರ ಹೆಸರು ಕಾಗದದ ಮೇಲೆ ಎಲ್ಲೂ ಇಲ್ಲ. ಆದರೂ ಅವರಿಗೆ ಮೇಲ್ ತಲುಪುತ್ತದೆ. ಹೇಗೆ? ಅವರ ಹೆಸರು ಲಕೋಟೆಯ ಮೇಲೆ ಮಾತ್ರ ಇತ್ತು.

ಸರ್ವರ್ ತಾನಾಗಿ ಫಾರ್ವರ್ಡ್ ಮಾಡುವಾಗ ಏನಾಗುತ್ತದೆ ನೋಡಿ. ಕಾಗದ ಹಾಗೇ ಇರುತ್ತದೆ. ಲಕೋಟೆಯ ಮೇಲಿನ 'ಯಾರಿಗೆ' ಎಂಬುದನ್ನು ಅಳಿಸಿ ನಿಮ್ಮ ಸ್ವಂತ ವಿಳಾಸ ಬರೆಯುತ್ತಾರೆ. ಮಾಮೂಲಾಗಿ 'ಯಾರಿಂದ' ಎಂಬುದನ್ನು ಮುಟ್ಟುವುದಿಲ್ಲ. ಅಂದರೆ ನಿಮ್ಮ ಬ್ಯಾಂಕ್ ಆಫೀಸ್ ವಿಳಾಸಕ್ಕೆ ಹಾಕಿದ ಪತ್ರವನ್ನು ಆಫೀಸ್ ಸರ್ವರ್ ಮತ್ತೆ ಅಂಚೆಗೆ ಹಾಕುತ್ತಿದೆ, ಬ್ಯಾಂಕಿನ ಹೆಸರಲ್ಲೇ. ಬ್ಯಾಂಕಿಗೆ ಇದು ಗೊತ್ತಿಲ್ಲ. ಈಗ ಆ ಪತ್ರ ತಲುಪದೆ ವಾಪಸಾದರೆ ಯಾರ ಮನೆಗೆ ಹೋಗುತ್ತದೆ? ನಿಮ್ಮ ಮನೆಗಲ್ಲ, ಬ್ಯಾಂಕಿಗೆ. ಕೆಡುವುದು ನಿಮ್ಮ ಫಾರ್ವರ್ಡ್, ಸುದ್ದಿ ಹೋಗುವುದು ಬೇರೆಯವರಿಗೆ. ಇವತ್ತಿನ ಮಾತಿನಲ್ಲಿ ಮುಕ್ಕಾಲು ಪಾಲು ಇದರ ಸುತ್ತಲೇ ಇದೆ.

ಇದು ಹೊಸ ಸಮಸ್ಯೆಯೇನೂ ಅಲ್ಲ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821 (ಇಂಟರ್ನೆಟ್ ನಿಯಮಗಳ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ), ಅಂದರೆ ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ ಎಸ್‌ಎಂಟಿಪಿಯ ನಿಯಮಗಳು, ಅದರಲ್ಲೇ ಫಾರ್ವರ್ಡ್‌ಗೆ ಎರಡು ಉತ್ತರಗಳಿವೆ. 251 ಎಂದರೆ "ಇವರು ಇಲ್ಲಿಲ್ಲ, ಪರವಾಗಿಲ್ಲ, ನಾನೇ ಮುಂದಕ್ಕೆ ಕಳಿಸುತ್ತೇನೆ". 551 ಎಂದರೆ "ಇವರು ಇಲ್ಲಿಲ್ಲ, ಇಗೋ ಹೊಸ ವಿಳಾಸ, ನೀವೇ ಅಲ್ಲಿಗೆ ಹಾಕಿ". ನನಗೆ ಈ 551 ಬಹಳ ಇಷ್ಟ. ಎಷ್ಟು ನೇರ ನೋಡಿ. ಕಳಿಸುವವರಿಗೆ ಹೊಸ ವಿಳಾಸ ಹೇಳಿಬಿಟ್ಟರೆ ಮಧ್ಯದವರ ರಗಳೆಯೇ ಇರುವುದಿಲ್ಲ. ಆದರೆ ಕೇಳಿದವರಿಗೆಲ್ಲ ನಿಮ್ಮ ಸ್ವಂತ ವಿಳಾಸ ಹೇಳುವ ಸರ್ವರ್ ಯಾರಿಗೆ ಬೇಕು? ಸ್ಪ್ಯಾಮ್ ಕಾಲದಲ್ಲಿ ಅದು ನಡೆಯುವ ಮಾತಲ್ಲ. ಹಾಗಾಗಿ ಸುಮ್ನೆ ಒಳಗೊಳಗೇ ಕಳಿಸುವ ದಾರಿ ಉಳಿಯಿತು.

ಯುನಿಕ್ಸ್ ಯಂತ್ರಗಳಲ್ಲಿ ಆ ದಾರಿಗೆ ಒಂದು ಪುಟ್ಟ ಫೈಲ್ ಇತ್ತು. ಹೆಸರು ಡಾಟ್ ಫಾರ್ವರ್ಡ್. ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್ ಎಂಬ ಮೇಲ್ ಸಾಗಿಸುವ ಪ್ರೋಗ್ರಾಂ ಇದನ್ನು ಓದುತ್ತಿತ್ತು, ಅದೇ ಕೆಲಸ ಮಾಡುವ ಪೋಸ್ಟ್‌ಫಿಕ್ಸ್ ಈಗಲೂ ಓದುತ್ತದೆ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಆ ಫೈಲ್ ಮಾಡಿ, ಒಳಗೆ ಒಂದು ವಿಳಾಸ ಬರೆದರೆ ಸಾಕು. ಇಲ್ಲೂ ಒಂದು ಪ್ರತಿ ಉಳಿಯಬೇಕೆಂದರೆ ಹಿಂದಕ್ಕೆ ವಾಲಿದ ಗೆರೆ, ಅಂದರೆ ಬ್ಯಾಕ್‌ಸ್ಲ್ಯಾಶ್ ಹಾಕಿ, ಅದರ ಪಕ್ಕ ನಿಮ್ಮದೇ ಯೂಸರ್ ಹೆಸರು ಸೇರಿಸಬೇಕು. ಆ ಗೆರೆಯನ್ನು ಮರೆತು ಎಷ್ಟು ಜನ ಕೈ ಸುಟ್ಟುಕೊಂಡಿದ್ದಾರೋ! ಆ ಫೈಲನ್ನು ಬೇರೆಯವರು ಬರೆಯಬಲ್ಲ ಹಾಗೆ ಬಿಟ್ಟಿದ್ದರೆ ಸೆಂಡ್‌ಮೇಲ್ ಅದನ್ನು ನಂಬುವುದೇ ಇಲ್ಲ. ಫೈಲ್ ಸರಿಯಾಗೇ ಇದೆ, ಮೇಲ್ ಮಾತ್ರ ಹೋಗುತ್ತಿಲ್ಲ ಅನ್ನುವವರು ಮೊದಲು ಅನುಮತಿ ನೋಡಿ.

ಈಗ ಎರಡು ನಿಮಿಷದ ಭಾಗ. ನಿಮ್ಮ ಆಫೀಸ್ ಮೇಲ್ ಗೂಗಲ್‌ನದಾದರೆ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಫಾರ್ವರ್ಡಿಂಗ್ ಪುಟ ತೆರೆಯಿರಿ. ಫೋನ್ ಆ್ಯಪ್‌ನಲ್ಲಿ ಹುಡುಕಬೇಡಿ, ಅಲ್ಲಿ ಸಿಗುವುದಿಲ್ಲ. ವಿಳಾಸ ಸೇರಿಸಿದ ತಕ್ಷಣ ಫಾರ್ವರ್ಡ್ ಶುರುವಾಗುವುದಿಲ್ಲ. ಆ ವಿಳಾಸಕ್ಕೆ ಒಂದು ದೃಢೀಕರಣ ಮೇಲ್ ಹೋಗುತ್ತದೆ. ಅಲ್ಲಿಂದ ಒಪ್ಪಿಗೆ ಕೊಟ್ಟು, ವಾಪಸ್ ಬಂದು, ಫಾರ್ವರ್ಡ್ ಆನ್ ಮಾಡಿ ಸೇವ್ ಮಾಡಬೇಕು. ಈ ಎರಡನೇ ಹೆಜ್ಜೆಯನ್ನು ಬಹಳ ಜನ ಮರೆಯುತ್ತಾರೆ. ಎಲ್ಲವೂ ಬೇಡ, ಒಬ್ಬ ಗ್ರಾಹಕರ ಮೇಲ್ ಮಾತ್ರ ಬೇಕು ಎಂದರೆ ಫಿಲ್ಟರ್ ಮಾಡಿ ಅದಕ್ಕೆ ಫಾರ್ವರ್ಡ್ ಜೋಡಿಸಿ. ನನ್ನ ಕೇಳಿದರೆ ಇದೇ ಉತ್ತಮ.

ಔಟ್‌ಲುಕ್ ವೆಬ್‌ನಲ್ಲಿ ಮೇಲ್ ಸೆಟ್ಟಿಂಗ್ಸ್ ಒಳಗೇ ಫಾರ್ವರ್ಡಿಂಗ್ ಇದೆ, ಪಕ್ಕದಲ್ಲೇ ಪ್ರತಿ ಉಳಿಸಿಕೊಳ್ಳುವ ಟಿಕ್ ಇದೆ. ರೂಲ್ ಮೂಲಕ ಮಾಡುವವರು ಒಂದು ವ್ಯತ್ಯಾಸ ಗಮನಿಸಿ. ರೂಲ್‌ನಲ್ಲಿ ಫಾರ್ವರ್ಡ್ ಎಂದರೆ ಮೇಲ್ ನಿಮ್ಮ ಹೆಸರಿನಿಂದ ಹೋಗುತ್ತದೆ, ನೀವೇ ಕೈಯಾರೆ ಕಳಿಸಿದ ಹಾಗೆ. ರೀಡೈರೆಕ್ಟ್ ಎಂದರೆ ಮೂಲ ಕಳಿಸಿದವರ ಹೆಸರಿನಲ್ಲೇ ಹೋಗುತ್ತದೆ. ಮನೆಯಲ್ಲಿ ಕೂತು ರಿಪ್ಲೈ ಒತ್ತಿದಾಗ ಉತ್ತರ ಯಾರಿಗೆ ಹೋಗಬೇಕು ಎಂಬುದು ಇದರ ಮೇಲೆ ನಿಂತಿದೆ. ಫಾರ್ವರ್ಡ್ ಆಗಿ ಬಂದಿದ್ದಕ್ಕೆ ರಿಪ್ಲೈ ಮಾಡಿದರೆ ಅದು ನಿಮ್ಮದೇ ಆಫೀಸ್ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ನೀವು ಉತ್ತರ ಕೊಟ್ಟೆ ಎಂದುಕೊಂಡಿರುತ್ತೀರಿ, ಅವರು ಕಾಯುತ್ತಿರುತ್ತಾರೆ.

ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಈಗ ಬಂದ ಮೇಲ್ ವಿಂಗಡಿಸಲು ಸೀವ್ ಎಂಬ ಭಾಷೆ ಇದೆ, ಡವ್‌ಕಾಟ್‌ನಂಥ ಸರ್ವರ್‌ಗಳಲ್ಲಿ ಸಿಗುತ್ತದೆ. ಅದರಲ್ಲಿ ರೀಡೈರೆಕ್ಟ್ ಎಂದು ಒಂದು ಸಾಲು ಬರೆದರೆ ಮೇಲ್ ಹೊರಟಿತು. ಆದರೆ ಜೋಕೆ, ಹಾಗೆ ಬರೆದರೆ ಇಲ್ಲಿ ಪ್ರತಿ ಉಳಿಯುವುದಿಲ್ಲ. ಕಾಪಿ ಎಂಬ ಪದ ಸೇರಿಸಿದರೆ ಮಾತ್ರ ಉಳಿಯುತ್ತದೆ. ಆ ಪದಕ್ಕಾಗಿಯೇ 2004ರಲ್ಲಿ ಬೇರೆ ಆರ್‌ಎಫ್‌ಸಿ ಬಂತು, 3894.

ಪ್ರತಿ ಉಳಿಸಿಕೊಳ್ಳಿ ಎಂದು ಇಷ್ಟು ಒತ್ತಿ ಹೇಳಲು ನನ್ನದೇ ಕಾರಣ ಇದೆ. ವರ್ಷಗಳ ಹಿಂದೆ ನಾನೂ ಆಫೀಸ್ ಮೇಲ್ ಅನ್ನು ಸ್ವಂತ ಪೆಟ್ಟಿಗೆಗೆ ತಿರುಗಿಸಿದ್ದೆ, ಆಫೀಸ್‌ನಲ್ಲಿ ಪ್ರತಿ ಇಟ್ಟಿರಲಿಲ್ಲ. ಎರಡು ಕಡೆ ಯಾಕೆ ಕಸ ಎಂಬ ಜಾಣತನ! ಒಂದು ವಾರ ಮೇಲ್ ಕಡಿಮೆಯಾಯಿತು. ಖುಷಿಪಟ್ಟೆ. ಆಮೇಲೆ ಒಬ್ಬ ಗ್ರಾಹಕರು ಫೋನ್ ಮಾಡಿ "ನಿಮ್ಮ ಮೇಲ್ ಬಾಕ್ಸ್ ತುಂಬಿದೆಯಂತೆ" ಎಂದರು. ಆಫೀಸ್ ಪೆಟ್ಟಿಗೆ ಖಾಲಿ ಹೊಡೆಯುತ್ತಿತ್ತು. ತುಂಬಿದ್ದು ನನ್ನ ಸ್ವಂತದ್ದು, ಫೋಟೋಗಳಿಂದ. ಬಂದ ಪ್ರತಿ ಮೇಲ್ ಅಲ್ಲಿ ತಿರಸ್ಕಾರವಾಗಿ, ಲಕೋಟೆಯ ಮೇಲೆ ಕಳಿಸಿದವರಾಗಿ ಯಾರ ಹೆಸರಿತ್ತೋ ಅವರಿಗೆ ಬೌನ್ಸ್, ಅಂದರೆ ತಲುಪಲಿಲ್ಲ ಎಂಬ ವಾಪಸ್ ಮೇಲ್, ಹೋಗುತ್ತಿತ್ತು. ಆ ಬೌನ್ಸ್‌ನಲ್ಲಿ ನನ್ನ ಸ್ವಂತ ವಿಳಾಸ ಎದ್ದು ಕಾಣುತ್ತಿತ್ತು. ಕಾಲೇಜಿನ ದಿನಗಳಲ್ಲಿ ಮಾಡಿಕೊಂಡ ವಿಳಾಸ ಅದು. ಅದನ್ನು ಇಲ್ಲಿ ಓದಿ ಹೇಳುವುದಿಲ್ಲ, ಕೇಳಬೇಡಿ. ನಾನೊಬ್ಬನನ್ನು ಬಿಟ್ಟು ನನಗೆ ಬರೆದವರಿಗೆಲ್ಲ ವಿಷಯ ಗೊತ್ತಿತ್ತು.

ಸರಿ, ಈಗ ಸರ್ವರ್ ನೋಡಿಕೊಳ್ಳುವವರ ಸರದಿ. "ಮೊದಲೆಲ್ಲ ಫಾರ್ವರ್ಡ್ ಚೆನ್ನಾಗಿ ನಡೀತಿತ್ತು, ಈಗ ಯಾಕೆ ಮೇಲ್ ಕಳೆದುಹೋಗುತ್ತದೆ?" ಅದಕ್ಕೆ ಮೂರು ಹೆಸರು ಗೊತ್ತಿರಬೇಕು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಇವು ಬಂದಿದ್ದು ಕಳ್ಳಹೆಸರಿನ ಮೇಲ್ ತಡೆಯಲು. ಫಾರ್ವರ್ಡ್ ಕೂಡ ಬೇರೆಯವರ ಹೆಸರಲ್ಲಿ ಮೇಲ್ ತರುವುದೇ ತಾನೇ? ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಕಳ್ಳನೂ ನಾವೂ ಒಂದೇ ತರಹ ಕಾಣುತ್ತೇವೆ.

ಎಸ್‌ಪಿಎಫ್ ಸರಳ. ಬ್ಯಾಂಕ್ ತನ್ನ ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್‌ನ ಎಲ್ಲರಿಗೂ ಕಾಣುವ ವಿಳಾಸ ಪುಸ್ತಕದಲ್ಲಿ, "ನಮ್ಮ ಹೆಸರಲ್ಲಿ ಮೇಲ್ ತರುವುದು ಈ ಸರ್ವರ್‌ಗಳು ಮಾತ್ರ" ಎಂದು ಪಟ್ಟಿ ಹಾಕಿರುತ್ತದೆ. ಪಡೆಯುವವರು ಲಕೋಟೆಯ 'ಯಾರಿಂದ' ನೋಡಿ, ತಂದ ಸರ್ವರ್‌ನ ಐಪಿ ವಿಳಾಸ ಆ ಪಟ್ಟಿಯಲ್ಲಿದೆಯಾ ಎಂದು ಪರೀಕ್ಷಿಸುತ್ತಾರೆ. ಬ್ಯಾಂಕಿನಿಂದ ನಿಮ್ಮ ಆಫೀಸ್‌ಗೆ ಬಂದಾಗ ಪಾಸ್. ಆಫೀಸ್‌ನಿಂದ ನಿಮ್ಮ ಸ್ವಂತ ಪೆಟ್ಟಿಗೆಗೆ ಹೋದಾಗ ಲಕೋಟೆಯ ಮೇಲೆ ಬ್ಯಾಂಕು, ತಂದವರು ಆಫೀಸು. ಬ್ಯಾಂಕಿನ ಪಟ್ಟಿಯಲ್ಲಿ ನಿಮ್ಮ ಆಫೀಸ್ ಯಾಕಿರುತ್ತದೆ? ಫೇಲ್.

ಡಿಕಿಮ್ ಅರಗಿನ ಮುದ್ರೆಯ ಹಾಗೆ. ಅದನ್ನು ಒತ್ತುವುದು ಕಾಗದದ ಮೇಲೆ, ಲಕೋಟೆಯ ಮೇಲಲ್ಲ. ಒಳಗಿನ ಬರಹ ಮತ್ತು ಆಯ್ದ ಕೆಲವು ಹೆಡರ್, ಅಂದರೆ ಫ್ರಮ್, ಸಬ್ಜೆಕ್ಟ್‌ನಂಥ ಸಾಲುಗಳು, ಸೇರಿಸಿ ಸಹಿ ಹಾಕಿರುತ್ತಾರೆ. ಲಕೋಟೆ ಎಷ್ಟು ಸಲ ಬದಲಾದರೂ ಮುದ್ರೆ ಒಡೆಯುವುದಿಲ್ಲ, ಕಾಗದ ಮುಟ್ಟದಿದ್ದರೆ. ಹಾಗಾಗಿ ಫಾರ್ವರ್ಡ್ ಮಾಡುವವರ ಜೀವ ಉಳಿಸುವುದು ಡಿಕಿಮ್. ಆದರೆ ನಾವು ಸುಮ್ಮನಿರುತ್ತೇವಾ? ಹೊರಗಿಂದ ಬಂದ ಮೇಲ್‌ನ ಸಬ್ಜೆಕ್ಟ್‌ಗೆ 'ಎಕ್ಸ್‌ಟರ್ನಲ್' ಎಂದು ಪಟ್ಟಿ ಅಂಟಿಸುತ್ತೇವೆ. ಕೆಳಗೆ ಕಾನೂನಿನ ನಾಲ್ಕು ಸಾಲು ಸೇರಿಸುತ್ತೇವೆ. ವೈರಸ್ ನೋಡುವ ಯಂತ್ರ ಲಿಂಕ್‌ಗಳನ್ನೆಲ್ಲ ತನ್ನ ದಾರಿಗೆ ತಿರುಗಿಸಿ ಬರೆಯುತ್ತದೆ. ಇವು ಒಳಗಿನ ಜನರಿಗೆ ಒಳ್ಳೆಯದೇ. ಆದರೆ ಹೀಗೆ ತಿದ್ದಿದ ಮೇಲ್ ಮತ್ತೆ ಹೊರಗೆ ಹೊರಟರೆ ಮುದ್ರೆ ಒಡೆದಿರುತ್ತದೆ.

ಎಸ್‌ಪಿಎಫ್ ಫೇಲ್, ಡಿಕಿಮ್ ಫೇಲ್. ಆಗ ಡಿಮಾರ್ಕ್ ಬರುತ್ತದೆ. ಪರದೆಯ ಮೇಲೆ ಕಾಣುವ ಫ್ರಮ್ ಇದೆಯಲ್ಲ, ಅದರ ಡೊಮೇನ್‌ಗೆ, ಅಂದರೆ ವಿಳಾಸದಲ್ಲಿ @ ಆದ ಮೇಲಿನ ಹೆಸರಿಗೆ, ಹೊಂದುವ ಹಾಗೆ ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಾದರೂ ಪಾಸ್ ಆಗಬೇಕು ಅನ್ನುತ್ತದೆ ಅದು. ಆಗದಿದ್ದರೆ ಏನು ಮಾಡಬೇಕೆಂದು ಡೊಮೇನ್ ಮಾಲೀಕರೇ ಹೇಳಿರುತ್ತಾರೆ: ಸುಮ್ಮನಿರಿ, ಸ್ಪ್ಯಾಮ್‌ಗೆ ಹಾಕಿ, ಅಥವಾ ವಾಪಸ್ ಅಟ್ಟಿ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡೊಮೇನ್‌ಗೆ ಈ ಮೂರನೆಯದನ್ನು ಹಾಕಿತು. ಮರುದಿನದಿಂದ ಮೇಲಿಂಗ್ ಲಿಸ್ಟ್, ಅಂದರೆ ಒಂದು ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ಹೋಗುವ ಗುಂಪು, ನಡೆಸುವವರ ಪಾಡು ಕೇಳಬೇಡಿ. ಯಾಹೂ ಬಳಸುವ ಒಬ್ಬರು ಲಿಸ್ಟ್‌ಗೆ ಬರೆದರೆ ಅದು ಎಷ್ಟೋ ಸದಸ್ಯರಿಗೆ ತಲುಪದೆ ವಾಪಸ್ ಬರುತ್ತಿತ್ತು. ಈಗ ಬ್ಯಾಂಕು, ದೊಡ್ಡ ಅಂಗಡಿ, ಸರ್ಕಾರಿ ಡೊಮೇನ್‌ಗಳು ಬಹಳಷ್ಟು ಅದೇ ಕಟ್ಟುನಿಟ್ಟಿನಲ್ಲಿವೆ. 2024ರ ಫೆಬ್ರವರಿಯಿಂದ ಜಿಮೇಲ್, ದಿನಕ್ಕೆ ಐದು ಸಾವಿರಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಡಿಮಾರ್ಕ್ ಇರಲೇಬೇಕು ಎಂದಿದೆ. ಅಂದರೆ ಯಾವ ಮೇಲ್ ತಪ್ಪಿಸಿಕೊಳ್ಳಬಾರದೋ, ಫಾರ್ವರ್ಡ್‌ನಲ್ಲಿ ಮೊದಲು ಬೀಳುವುದು ಅದೇ. ಹರಟೆಯ ಮೇಲ್ ಆರಾಮಾಗಿ ಬರುತ್ತದೆ, ಬ್ಯಾಂಕಿನದು ಬರುವುದಿಲ್ಲ.

ಮದ್ದು ಇಲ್ಲವೇ? ಇದೆ, ಅರ್ಧಂಬರ್ಧ. ಒಂದು, ಎಸ್‌ಆರ್‌ಎಸ್. ಲಕೋಟೆಯ 'ಯಾರಿಂದ' ಎಂಬುದನ್ನೂ ನಮ್ಮ ಡೊಮೇನ್‌ಗೆ ಬದಲಿಸಿ, ಮೂಲ ವಿಳಾಸವನ್ನು ಅದರೊಳಗೇ ಮಡಚಿ ಇಡುವುದು. ಬೌನ್ಸ್ ಬಂದರೆ ನಮ್ಮ ಸರ್ವರ್‌ಗೆ ಬರುತ್ತದೆ, ನಾವು ಮಡಿಕೆ ಬಿಚ್ಚಿ ಮೂಲದವರಿಗೆ ಕಳಿಸುತ್ತೇವೆ. ಯಾರೂ ದುರುಪಯೋಗ ಮಾಡದಿರಲಿ ಎಂದು ಅದರಲ್ಲಿ ಸಹಿಯ ತುಣುಕು, ತಾರೀಕು ಎರಡೂ ಇರುತ್ತವೆ. ಪೋಸ್ಟ್‌ಫಿಕ್ಸ್‌ನವರು ಇದಕ್ಕೆ ಪೋಸ್ಟ್‌ಎಸ್‌ಆರ್‌ಎಸ್‌ಡಿ ಎಂಬ ಪ್ರೋಗ್ರಾಂ ಜೋಡಿಸುತ್ತಾರೆ. ಇದರಿಂದ ಎಸ್‌ಪಿಎಫ್ ಪಾಸ್ ಆಗುತ್ತದೆ. ಆದರೆ ಪಾಸ್ ಆಗುವುದು ನಮ್ಮ ಹೆಸರಿಗೆ, ಫ್ರಮ್‌ನಲ್ಲಿ ಇರುವುದು ಬ್ಯಾಂಕ್. ಡಿಮಾರ್ಕ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಸ್‌ಆರ್‌ಎಸ್ ಹಾಕಿಬಿಟ್ಟೆ, ಇನ್ನು ನಿಶ್ಚಿಂತೆ ಎಂದು ಹೇಳುವ ಅಡ್ಮಿನ್‌ಗಳನ್ನು ಬಹಳ ನೋಡಿದ್ದೇನೆ. ಡಿಕಿಮ್ ಒಡೆದಿದ್ದರೆ ಎಸ್‌ಆರ್‌ಎಸ್ ಏನೂ ಮಾಡಲಾರದು.

ಇನ್ನೊಂದು ಆರ್ಕ್, 2019ರ ಆರ್‌ಎಫ್‌ಸಿ 8617. ಮಧ್ಯದ ಸರ್ವರ್ "ನನ್ನ ಹತ್ತಿರ ಬಂದಾಗ ಇದರ ಮುದ್ರೆ ಸರಿಯಾಗಿತ್ತು, ನಾನೇ ನೋಡಿದ್ದೇನೆ" ಎಂದು ಬರೆದು ಸಹಿ ಹಾಕುವುದು. ಸಾಕ್ಷಿ ಹೇಳುವ ಕೆಲಸ. ಆದರೆ ಸಾಕ್ಷಿಯನ್ನು ನಂಬುವುದು ಬಿಡುವುದು ಪಡೆಯುವವರ ಇಷ್ಟ. ದೊಡ್ಡವರ ಸಾಕ್ಷಿಗೆ ಬೆಲೆ ಜಾಸ್ತಿ, ನಮ್ಮಂಥ ಸಣ್ಣ ಸರ್ವರ್‌ಗಳ ಸಾಕ್ಷಿಗೆ ಎಷ್ಟೋ ಅಷ್ಟು. ಆದರೂ ಹಾಕಿ, ಮೇಲ್ ಫಾರ್ವರ್ಡ್ ಮಾಡುವ ಸರ್ವರ್‌ಗಳು ಹಾಕಬೇಕೆಂದು ಗೂಗಲ್ ಕೂಡ ಹೇಳುತ್ತದೆ. ಆದರೆ ನನ್ನ ಅನುಭವದಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಇವೆರಡಕ್ಕಿಂತ ಸಣ್ಣ ಬದಲಾವಣೆ: ಹೊರಗೆ ಹೋಗುವ ಪ್ರತಿಯನ್ನು 'ಎಕ್ಸ್‌ಟರ್ನಲ್' ಪಟ್ಟಿ ಅಂಟಿಸುವ ಮೊದಲೇ ಬೇರೆ ಮಾಡಿ. ಮುದ್ರೆ ಒಡೆಯದಿದ್ದರೆ ಅರ್ಧ ರಗಳೆ ಹೋಯಿತು.

ಸ್ಪ್ಯಾಮ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಫೀಸ್‌ಗೆ ಬಂದ ಕಸವನ್ನೂ ನೀವು ಫಾರ್ವರ್ಡ್ ಮಾಡಿದರೆ, ಪಡೆಯುವ ಕಡೆಯವರ ಕಣ್ಣಿಗೆ ಆ ಕಸ ತಂದವರು ನೀವೇ. ಅಲ್ಲಿ ಕೂತು ನೀವೇ ಅದನ್ನು ಸ್ಪ್ಯಾಮ್ ಎಂದು ಗುರುತು ಹಾಕಿದರೆ ನಿಮ್ಮದೇ ಆಫೀಸ್ ಸರ್ವರ್ ಮೇಲೆ ದೂರು ಕೊಟ್ಟ ಹಾಗೆ. ಆಮೇಲೆ ಇಡೀ ಆಫೀಸ್‌ನ ಮೇಲ್ ಸ್ಪ್ಯಾಮ್‌ಗೆ ಬೀಳತೊಡಗುತ್ತದೆ. ಸೋಸಿ ಕಳಿಸಿ, ಅಷ್ಟೇ.

ಸುತ್ತು ಹೊಡೆಯುವ ಮೇಲ್ ಬಗ್ಗೆ ಒಂದು ಕಥೆ. ಒಬ್ಬರು ಆಫೀಸ್ ಮೇಲ್ ಅನ್ನು ಸ್ವಂತಕ್ಕೆ ತಿರುಗಿಸಿದ್ದರು. ಹಿಂದೆ ಯಾವಾಗಲೋ ಸ್ವಂತದ್ದನ್ನು ಆಫೀಸ್‌ಗೆ ತಿರುಗಿಸಿದ್ದು ಮರೆತಿದ್ದರು. ಎರಡೂ ಕಡೆ ಪ್ರತಿ ಉಳಿಸುವ ಟಿಕ್ ಇತ್ತು. ಬೆಳಿಗ್ಗೆ ಬಂದ ಒಂದು ಮೇಲ್ ಅಲ್ಲಿಂದಿಲ್ಲಿಗೆ ಓಡಾಡುತ್ತಾ ಪ್ರತಿ ಸುತ್ತಿಗೂ ಎರಡೂ ಕಡೆ ಒಂದೊಂದು ಪ್ರತಿ ಇಟ್ಟು ಹೋಗುತ್ತಿತ್ತು. ಕೋಳಿ ಮೊಟ್ಟೆ ಇಟ್ಟ ಹಾಗೆ. ಇದು ಎಂದಾದರೂ ನಿಲ್ಲುತ್ತದಾ ಎಂದರೆ, ನಿಲ್ಲುತ್ತದೆ. ಪ್ರತಿ ಸರ್ವರ್ ಮೇಲ್‌ನ ತಲೆಯ ಮೇಲೆ ರಿಸೀವ್ಡ್ ಎಂದು ಒಂದು ಸಾಲು ಬರೆಯುತ್ತದೆ. ಆ ಸಾಲುಗಳು ಮಿತಿ ಮೀರಿದರೆ ಮೇಲ್ ತಿರಸ್ಕಾರ. ಪೋಸ್ಟ್‌ಫಿಕ್ಸ್‌ನಲ್ಲಿ ಆ ಮಿತಿ ಮಾಮೂಲಾಗಿ 50. ಪೋಸ್ಟ್‌ಫಿಕ್ಸ್ ತಾನೇ ಮೇಲ್ ತಲುಪಿಸುವಾಗ ಡೆಲಿವರ್ಡ್-ಟು ಎಂಬ ಸಾಲನ್ನೂ ಹಾಕುತ್ತದೆ, ಅದೇ ವಿಳಾಸ ಮತ್ತೆ ಬಂದರೆ ಬೇಗ ಹಿಡಿಯುತ್ತದೆ. ಆದರೆ ಮಧ್ಯದಲ್ಲಿ ಯಾರಾದರೂ ಮೇಲ್ ಅನ್ನು ಹೊಸದಾಗಿ ಬರೆದು ಕಳಿಸಿದರೆ, ಅಂದರೆ ಔಟ್‌ಲುಕ್ ರೂಲ್‌ನ ಫಾರ್ವರ್ಡ್ ತರಹ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ಹಾಗಾಗಿ ಆನ್ ಮಾಡುವ ಮೊದಲು ಆ ಕಡೆಯ ಪೆಟ್ಟಿಗೆಯಲ್ಲಿ ಹಳೆಯ ಫಾರ್ವರ್ಡ್ ಇದೆಯಾ ಎಂದು ಒಮ್ಮೆ ನೋಡಿ.

"ನಮ್ಮ ಅಡ್ಮಿನ್ ಬಿಡುವುದೇ ಇಲ್ಲ" ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದ್ದು ಕೇಳಿಸಿತು. ಅವರ ಪರವಾಗಿ ನಾನು ಎರಡು ಮಾತಾಡಲೇಬೇಕು. ಪಾಸ್‌ವರ್ಡ್ ಕದ್ದವರು ಪೆಟ್ಟಿಗೆಯೊಳಗೆ ಬಂದ ಮೇಲೆ ಮಾಡುವ ಕೆಲಸಗಳಲ್ಲಿ ಒಂದು ಸದ್ದಿಲ್ಲದೆ ಫಾರ್ವರ್ಡ್ ರೂಲ್ ಹಾಕುವುದು. ನೀವು ಪಾಸ್‌ವರ್ಡ್ ಬದಲಿಸಿದರೂ ರೂಲ್ ಉಳಿದಿರುತ್ತದೆ, ಮೇಲ್ ಹೋಗುತ್ತಲೇ ಇರುತ್ತದೆ. ಬಿಲ್, ಇನ್‌ವಾಯ್ಸ್ ಎಂಬ ಪದ ಇರುವ ಮೇಲ್ ಮಾತ್ರ ಆರಿಸಿ ಕಳಿಸುವ ರೂಲ್‌ಗಳೂ ಇರುತ್ತವೆ. 2020ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು: ವೆಬ್‌ನಲ್ಲಿ ಹಾಕಿದ ರೂಲ್ ಕಂಪ್ಯೂಟರ್‌ನ ಮೇಲ್ ಪ್ರೋಗ್ರಾಂನಲ್ಲಿ ಕಾಣದೇ ಇರಬಹುದು ಎಂದು. ಮೈಕ್ರೋಸಾಫ್ಟ್ 365ರಲ್ಲಿ ಹೊರಗಿನ ಫಾರ್ವರ್ಡ್ ಈಗ ಮೊದಲಿನಿಂದಲೇ ಬಂದ್. ಅಡ್ಮಿನ್ ಬಿಟ್ಟರೆ ಮಾತ್ರ ಹೋಗುತ್ತದೆ. ಟಿಕ್ ಮಾಡಲು ಬಿಡುತ್ತದೆ, ಸೇವ್ ಕೂಡ ಆಗುತ್ತದೆ, ಆಮೇಲೆ 5.7.520 ಎಂಬ ನಂಬರಿನ ಬೌನ್ಸ್ ಬರುತ್ತದೆ. ಆ ನಂಬರ್ ಕಂಡರೆ ಸೆಟ್ಟಿಂಗ್ ಜೊತೆ ಗುದ್ದಾಡಬೇಡಿ. ಅಡ್ಮಿನ್ ಹತ್ತಿರ ಹೋಗಿ, ಯಾಕೆ ಬೇಕು ಎಂದು ಹೇಳಿ. ಅಡ್ಮಿನ್‌ಗಳಿಗೂ ಒಂದು ಮಾತು: ಬೇಕಾದ ಒಬ್ಬಿಬ್ಬರಿಗೆ ಬೇರೆ ಪಾಲಿಸಿ ಮಾಡಿಕೊಡಿ, ಇಡೀ ಆಫೀಸ್‌ಗೆ ಬಾಗಿಲು ತೆಗೆಯಬೇಡಿ.

ಯಾಕೆ ಬೇಕು ಎಂದು ಕೇಳಿದರೆ ಬರುವ ಉತ್ತರ ಮುಕ್ಕಾಲು ಪಾಲು "ಫೋನ್‌ನಲ್ಲಿ ನೋಡಬೇಕು" ಎಂದು. ಅದಕ್ಕೆ ಫಾರ್ವರ್ಡ್ ಯಾಕೆ? ಆಫೀಸ್ ಖಾತೆಯನ್ನೇ ಫೋನ್‌ಗೆ ಸೇರಿಸಿ. ಐಮ್ಯಾಪ್ ಇರುವುದೇ ಅದಕ್ಕೆ, ಮೇಲ್ ತನ್ನ ಜಾಗದಲ್ಲೇ ಇರುತ್ತದೆ, ಕಣ್ಣು ಮಾತ್ರ ಅಲ್ಲಿಗೆ ಹೋಗುತ್ತದೆ. ಉತ್ತರ ಕೂಡ ಆಫೀಸ್ ಹೆಸರಿನಿಂದಲೇ ಹೋಗುತ್ತದೆ. ರಜೆಯಲ್ಲಿ ಬೇರೆಯವರು ನೋಡಬೇಕು ಎಂದರೆ ಡೆಲಿಗೇಟ್, ಅಂದರೆ ನಿಮ್ಮ ಪೆಟ್ಟಿಗೆ ನೋಡುವ ಅನುಮತಿ, ಕೊಡಿ. ನಾಲ್ಕು ಜನ ಒಂದೇ ವಿಳಾಸ ನೋಡಬೇಕೆಂದರೆ ಶೇರ್ಡ್ ಮೇಲ್‌ಬಾಕ್ಸ್ ಮಾಡಿಸಿ. ಇವೆಲ್ಲ ಆದ ಮೇಲೂ ಫಾರ್ವರ್ಡ್ ಬೇಕಾಗುವ ಸಂದರ್ಭ ಇರುತ್ತದೆ. ಎರಡು ಸಂಸ್ಥೆ ಸೇರಿ ಒಂದಾದಾಗ, ಡೊಮೇನ್ ಬದಲಾದಾಗ, ಬಂದ ಮೇಲ್ ಅನ್ನು ಟಿಕೆಟ್ ಮಾಡುವ ವ್ಯವಸ್ಥೆಗೆ ಕಳಿಸಬೇಕಾದಾಗ. ಅಲ್ಲಿ ಧಾರಾಳವಾಗಿ ಮಾಡಿ.

ಮಾಡಿದ ಮೇಲೆ ಪರೀಕ್ಷೆ. ಇಲ್ಲಿ ಒಂದು ತಮಾಷೆ ಇದೆ. ಜನ ಏನು ಮಾಡುತ್ತಾರೆಂದರೆ, ತಮ್ಮ ಸ್ವಂತ ಜಿಮೇಲ್‌ನಿಂದ ಆಫೀಸ್‌ಗೆ ಒಂದು ಮೇಲ್ ಹಾಕಿ, ಅದು ತಿರುಗಿ ಅದೇ ಜಿಮೇಲ್‌ಗೆ ಬರುತ್ತದಾ ಎಂದು ಕಾಯುತ್ತಾರೆ. ಬರುವುದಿಲ್ಲ. ಫಾರ್ವರ್ಡ್ ಕೆಟ್ಟಿದೆ ಎಂದು ನನ್ನನ್ನು ಕರೆಯುತ್ತಾರೆ. ಕೆಟ್ಟಿರುವುದಿಲ್ಲ. ಅದೇ ಮೆಸೇಜ್ ಐಡಿ, ಅಂದರೆ ಮೇಲ್‌ನ ಗುರುತು, ಇರುವ ಪ್ರತಿ ಸೆಂಟ್‌ನಲ್ಲಿ ಆಗಲೇ ಇದೆಯಲ್ಲ, ಜಿಮೇಲ್ ಅದನ್ನು ಇನ್‌ಬಾಕ್ಸ್‌ನಲ್ಲಿ ಮತ್ತೆ ತೋರಿಸುವುದಿಲ್ಲ. ಮೂರನೆಯ ವಿಳಾಸದಿಂದ ಪರೀಕ್ಷಿಸಿ. ಸಾಧ್ಯವಾದರೆ ಡಿಮಾರ್ಕ್ ಬಿಗಿಯಾಗಿರುವ ಡೊಮೇನ್‌ನಿಂದ, ಒಂದು ದೊಡ್ಡ ಅಟ್ಯಾಚ್‌ಮೆಂಟ್ ಜೊತೆಗೂ ಒಮ್ಮೆ ಕಳಿಸಿ. ಫೈಲ್‌ಗಳು ದಾರಿಯಲ್ಲಿ ಮೂರನೇ ಒಂದು ಭಾಗದಷ್ಟು ದಪ್ಪವಾಗುತ್ತವೆ, ಆಫೀಸ್ ಒಪ್ಪಿದ ಗಾತ್ರವನ್ನು ಆ ಕಡೆಯವರು ಒಪ್ಪದಿರಬಹುದು.

ಕೊನೆಗೆ ಒಬ್ಬರು ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆ: "ಕೆಲಸ ಬಿಟ್ಟ ಮೇಲೆ ಫಾರ್ವರ್ಡ್ ತಾನಾಗಿ ನಿಲ್ಲುತ್ತದಾ?" ಎಲ್ಲಿ ಹಾಕಿದ್ದೀರಿ ಎಂಬುದರ ಮೇಲೆ ಇದೆ. ನಿಮ್ಮ ಪೆಟ್ಟಿಗೆಯೊಳಗಿನ ರೂಲ್ ಆದರೆ ಪೆಟ್ಟಿಗೆ ಅಳಿಸಿದಾಗ ಅದೂ ಹೋಗುತ್ತದೆ. ಸರ್ವರ್‌ನ ಅಲಿಯಾಸ್ ಪಟ್ಟಿಯಲ್ಲಿ, ಅಂದರೆ ಯಾವ ವಿಳಾಸದ ಮೇಲ್ ಎಲ್ಲಿಗೆ ಹೋಗಬೇಕು ಎಂಬ ಪಟ್ಟಿಯಲ್ಲಿ, ಅಡ್ಮಿನ್ ಬರೆದಿದ್ದರೆ ಅದು ಅಲ್ಲೇ ಇರುತ್ತದೆ, ಯಾರಾದರೂ ಅಳಿಸುವವರೆಗೆ. ಒಂದು ಕಡೆ ನಾನು ಹೊಸದಾಗಿ ಸೇರಿದಾಗ ಆ ಪಟ್ಟಿ ತೆರೆದು ಒಂದೊಂದೇ ಸಾಲು ಓದುತ್ತಾ ಹೋದೆ. ನಾಲ್ಕು ವರ್ಷದ ಹಿಂದೆ ಬಿಟ್ಟು ಹೋದವರೊಬ್ಬರ ಸ್ವಂತ ವಿಳಾಸ ಅದರಲ್ಲಿತ್ತು. ಲೆಕ್ಕಪತ್ರ ವಿಭಾಗದ ಮೇಲ್‌ನ ಒಂದು ಪ್ರತಿ ಅಷ್ಟೂ ದಿನ ಅವರಿಗೆ ಹೋಗುತ್ತಿತ್ತು. ಫೋನ್ ಮಾಡಿ ಕೇಳಿದೆ. "ಬರ್ತಾನೇ ಇದೆ, ನಿಲ್ಲಿಸಿ ಅಂತ ಮೂರು ಸಲ ಮೇಲ್ ಹಾಕಿದೆ" ಎಂದರು. ಯಾವ ವಿಳಾಸಕ್ಕೆ ಹಾಕಿದಿರಿ ಎಂದೆ. ಹೇಳಿದರು. ಅದು ಅವರಿಗಿಂತ ಮೊದಲೇ ಕೆಲಸ ಬಿಟ್ಟಿದ್ದ ಹಳೆಯ ಅಡ್ಮಿನ್‌ನ ವಿಳಾಸ. ಪಟ್ಟಿಯಲ್ಲಿ ಮುಂದಿನ ಸಾಲು ಅದೇ ಇತ್ತು.